ಸೋಪು ಹಚ್ಚಿದ ಕಮಾನು

ಮಂಗಲಾ ಯಾವುದಕ್ಕೂ ಹೇಸುವ ಹೆಂಗಸಲ್ಲ. ಮೂವತ್ತೈದು ವರ್ಷ ಹೊನ್ನಾವರದ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು, ಹಳದೀಪುರದ ಮನೆಮನೆಗೆ ಮಾರಿದವಳು. ಬಸ್ಸಿನಲ್ಲಿ ಪಕ್ಕದವರು ಮೂಗಿಗೆ ಸೆರಗು ಹಿಡಿದರೆ, “ನಿಮ್ಮನೆ ಮಧ್ಯಾಹ್ನದ ಸಾರಿಗೆ ಹೋಗುದೇ ಇದು” ಅಂದು ಇನ್ನಷ್ಟು ಹತ್ತಿರ ಕೂರುತ್ತಿದ್ದಳು. ಗಂಡ ಕಾಮಾಲೆಯಿಂದ ಮಲಗಿ ಸಾಯುವವರೆಗೆ ಮೂರು ತಿಂಗಳು ಅವನ ವಾಂತಿ ಬಾಚಿದವಳೂ ಅವಳೇ. ಆಗಲೂ ಮುಖ ಸಿಂಡರಿಸಿದ್ದನ್ನು ಯಾರೂ ನೋಡಲಿಲ್ಲ. ಇಂಥವಳಿಗೆ ಅರವತ್ತೊಂದನೇ ವಯಸ್ಸಿನಲ್ಲಿ, ಒಂದು ಮದುವೆಯ ಆರತಕ್ಷತೆಯಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದಾಗ, ಹೊಟ್ಟೆಯೊಳಗಿನದೆಲ್ಲ ಬಾಯಿಗೆ ಬರುವಷ್ಟು ಹೇಸಿಗೆಯಾಯಿತು. ಅದೂ ಹೆತ್ತ ಮಗನ ಮೇಲೆ.

ಮಗ ಸಂತೋಷ ಊರಲ್ಲಿ ಮೈಕ್ ಸೆಟ್ ಕಟ್ಟಿಕೊಂಡಿದ್ದವನು, ಮುಂಬೈಗೆ ಹೋಗಿ ಒಂದು ದೊಡ್ಡ ಸಭಾಗೃಹದಲ್ಲಿ ಸೌಂಡಿನ ಕೆಲಸಕ್ಕೆ ಸೇರಿದ್ದ. ಅಲ್ಲಿ ಪಿಟೀಲು ಬಾರಿಸುತ್ತಿದ್ದ ಅನಾಹಿತ್ ಎಂಬ ಅರ್ಮೇನಿಯಾ ದೇಶದ ಹೆಂಗಸನ್ನು ಮದುವೆಯಾದ. ಕೊರೋನಾ ಬಂದು ಸಭಾಗೃಹ ಮುಚ್ಚಿದ ವರ್ಷ ಇಬ್ಬರೂ ಎರಡು ಸೂಟ್‌ಕೇಸು, ಒಂದು ಪಿಟೀಲಿನ ಪೆಟ್ಟಿಗೆ ಹಿಡಿದು ಹೊನ್ನಾವರಕ್ಕೆ ಬಂದರು. ಕೇರಿಯವರಿಗೆ ಅನಾಹಿತ್ ಅನ್ನಲು ನಾಲಿಗೆ ತಿರುಗಲಿಲ್ಲ, ಒಂದೇ ವಾರದಲ್ಲಿ ಅನಿತಾ ಮಾಡಿದರು. ಮಂಗಲಾ ಮಾತ್ರ “ಅನಾ” ಅಂದಳು. ಅಷ್ಟಾದರೂ ಅವಳದೇ ಹೆಸರಿನದು ಇರಲಿ ಎಂದು.

ಸೊಸೆಗೆ ಕನ್ನಡ ಕಲಿಸಿದವಳೂ ಮಂಗಲಾಳೇ, ಒಲೆ ಮುಂದೆ, ಬಂಗಡೆ ಕೊಯ್ಯುತ್ತ. ಕಲಿತಷ್ಟರಲ್ಲಿ ಅನಾ ತನ್ನ ಕತೆ ಹೇಳಿದ್ದಳು. ಅವಳು ಎರಡು ವರ್ಷದವಳಿದ್ದಾಗ ಊರಿಗೆ ಊರೇ ಭೂಕಂಪದಲ್ಲಿ ಬಿದ್ದುಹೋಗಿತ್ತು. ಮುಂದೆ ಹತ್ತು ವರ್ಷ ಜನ ಹಡಗಿನಲ್ಲಿ ಸರಕು ತುಂಬುವ ಕಬ್ಬಿಣದ ಡಬ್ಬಗಳಲ್ಲಿ ಸಂಸಾರ ಮಾಡಿದರು. ಅಂಥದೇ ಒಂದು ಡಬ್ಬದಲ್ಲಿ ಸಂಗೀತದ ಶಾಲೆ. ಮೂರು ಮಕ್ಕಳಿಗೆ ಒಂದು ಪಿಟೀಲು. ಚಳಿಗೆ ಎಲ್ಲರೂ ಬೆರಳಿನ ತುದಿ ಕತ್ತರಿಸಿದ ಉಣ್ಣೆಯ ಕೈಗವಸು ಹಾಕಿಕೊಂಡೇ ಬಾರಿಸಬೇಕು. ಅಲ್ಲಿಂದ ರಾಜಧಾನಿಯ ಸಂಗೀತ ಕಾಲೇಜು, ಆಮೇಲೆ ಅಲ್ಲಿನ ಆರ್ಕೆಸ್ಟ್ರಾ. ಸಂಬಳ ಮನೆಬಾಡಿಗೆಗೇ ಸಾಲದೆ, ಮುಂಬೈಯಲ್ಲಿ ಹೊರದೇಶದ ವಾದಕರು ಬೇಕಂತೆ ಎಂದು ಕೇಳಿ ಪರೀಕ್ಷೆ ಕೊಟ್ಟು ಬಂದವಳು. ಒಂಬತ್ತು ವರ್ಷ ಅಲ್ಲಿ ಎರಡನೇ ಪಿಟೀಲಿನ ಗುಂಪಿನಲ್ಲಿ, ಹಿಂದಿನಿಂದ ಎರಡನೇ ಕುರ್ಚಿ.

“ಮುಂದೆ ಎಂತಕ್ಕೆ ಕೂರ್ಸಲಿಲ್ಲ ನಿಂಗೆ?” ಎಂದು ಮಂಗಲಾ ಕೇಳಿದ್ದಳು.

“ಹಿಂದೆ ಕೂಡ ಜನ ಬೇಕಲ್ಲ ಅಮ್ಮ,” ಅಂದಿದ್ದಳು ಅನಾ.

ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣಪತಿ ಪೆಂಡಾಲಿನಲ್ಲಿ ಸಿನಿಮಾ ಹಾಡು, ಮಿಂಚುವ ಲಂಗ. ಆದ್ದರಿಂದ ಸೊಸೆಯನ್ನು “ಆರ್ಕೆಸ್ಟ್ರಾದವಳು” ಅನ್ನುವಾಗ ಜನರ ತುಟಿಯ ಕೊನೆಯಲ್ಲಿ ಒಂದು ನಗೆ ಇರುತ್ತಿತ್ತು. ಅದಕ್ಕೆ ಸರಿಯಾಗಿ ಅನಾಳ ಕುತ್ತಿಗೆಯ ಎಡಗಡೆ, ದವಡೆಯ ಕೆಳಗೆ, ಪಿಟೀಲು ಒತ್ತಿ ಒತ್ತಿ ಆದ ಕಂದು ಕಲೆ. ಪಕ್ಕದ ಮನೆಯ ನಾಗಮ್ಮ ನೀರಿನ ನಲ್ಲಿಯ ಹತ್ತಿರ, ನಾಲ್ಕು ಜನ ಇದ್ದಾಗಲೇ ಕೇಳಿದಳು: “ಅದೆಂತದೇ ಮಂಗಲಾ, ಸೊಸೆ ಕುತ್ತಿಗೆಲಿ? ನಿನ್ನ ಮಗ ಹಗಲಿಗೂ ಬಿಡುದಿಲ್ವ?”

ಮಂಗಲಾ ಕೊಡ ಕೆಳಗಿಟ್ಟಳು. “ನಿನ್ನ ನೆತ್ತಿ ಮೇಲೆ ಬುಟ್ಟಿ ಹೊತ್ತು ಹೊತ್ತು ಕೂದ್ಲು ಹೋಗಿದ್ದಲ್ಲ, ಅದನ್ನ ಯಾರು ಕಚ್ಚಿದ್ದು ನಾಗಮ್ಮ?”

ಅಂದಿನಿಂದ ಆ ಮಾತು ನಿಂತಿತು.

ದಿನಕ್ಕೆ ಮೂರು ತಾಸು ಅನಾ ಹಿಂದಿನ ಕೋಣೆಯಲ್ಲಿ ಬಾರಿಸುತ್ತಿದ್ದಳು. ಮೊದಮೊದಲು ಮಂಗಲಾಳಿಗೆ ತಲೆನೋವು ಬಂದದ್ದು ನಿಜ. ಹಾಡಾದರೂ ಅಲ್ಲ, ಏಣಿ ಹತ್ತಿ ಇಳಿದ ಹಾಗೆ ಅದೇ ಸ್ವರಗಳು. ವರ್ಷ ಕಳೆದ ಮೇಲೆ ಅವಳಿಗೆ ಗೊತ್ತಿಲ್ಲದೆಯೇ ಕಿವಿ ಪಳಗಿತು. ಶೆಟ್ಲಿ ಮೀನಿನ ಸಿಪ್ಪೆ ಸುಲಿಯುತ್ತ ಕೂತವಳು, ಒಳಗೆ ಒಂದು ಸ್ವರ ತುಸು ಜಾರಿದರೆ ಕೈ ನಿಲ್ಲಿಸುತ್ತಿದ್ದಳು. ಒಳಗೆ ಅನಾಳೂ ನಿಲ್ಲಿಸಿ ಮತ್ತೆ ಬಾರಿಸುತ್ತಿದ್ದಳು. ಸರಿಯಾದ ಮೇಲೆ ಇಬ್ಬರೂ ಕೆಲಸ ಮುಂದುವರಿಸುವರು. ಈ ವಿಷಯ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡವರಲ್ಲ.

ಸಭಾಗೃಹ ಮತ್ತೆ ತೆರೆದಾಗ ಮುಂಬೈಯವರು ಕಿರಿಯರನ್ನು ತೆಗೆದುಕೊಂಡರು. ಅನಾ ಬರೆದ ಪತ್ರಗಳಿಗೆ “ಅಗತ್ಯವಿದ್ದಾಗ ತಿಳಿಸುತ್ತೇವೆ” ಎಂಬ ಒಂದೇ ಉತ್ತರ. ಕುಮಟಾದ ಒಂದು ಶಾಲೆಯಲ್ಲಿ ಕಲಿಸಲು ಹೋದಳು. ತಂದೆ ತಾಯಿಯರು ಮೂರು ತಿಂಗಳಲ್ಲಿ ಮಗು ಮೊಬೈಲಿನಲ್ಲಿ ಹಾಕುವಂಥ ಒಂದು ಹಾಡು ಬಾರಿಸಬೇಕು ಅಂದರು. ಅವಳು ಮೂರು ತಿಂಗಳು ಕಮಾನು ಹಿಡಿಯುವುದನ್ನೇ ಕಲಿಸಿದಳು. ಶಾಲೆಯವರು ಮುಂದಿನ ವರ್ಷ ಕೀಬೋರ್ಡಿನವನನ್ನು ಇಟ್ಟುಕೊಂಡರು.

ಆಗ ಬಂದವನು ದಿನಕರ. ಭಟ್ಕಳ ಕಡೆಯವನು, ಮದುವೆ ಸಮಾರಂಭಗಳನ್ನು ಗುತ್ತಿಗೆ ಹಿಡಿಯುವವನು. ಹೂವಿನ ಮಂಟಪದಿಂದ ಹಿಡಿದು ಐಸ್‌ಕ್ರೀಮಿನವರೆಗೆ ಎಲ್ಲ ಅವನದೇ. ಊರಿಗೆ ಬಂದು ಮತ್ತೆ ಶುರುಮಾಡಿದ್ದ ಸಂತೋಷನ ಸೌಂಡಿಗೆ ಅವನೇ ಗಿರಾಕಿ. ಜಗಲಿಯಲ್ಲಿ ಚಹಾ ಕುಡಿಯುತ್ತ ಒಳಗಿನಿಂದ ಬಂದ ಅನಾಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಮಂಗಲಾಳಿಗೆ ಆ ನೋಟ ಪರಿಚಯದ್ದು. ಹರಾಜಿನಲ್ಲಿ ದಲಾಲಿ ಮೀನಿನ ಬುಟ್ಟಿಯನ್ನು ಹಾಗೆ ನೋಡುತ್ತಾನೆ.

“ಸಂತೋಷ, ಮನೆಲೇ ಇಂಥಾ ಐಟಂ ಇಟ್ಕಂಡು ನೀ ಸ್ಪೀಕರ್ ಹೊರ್ತೆ ಅಲ್ಲ ಮಾರಾಯ,” ಅಂದ.

ಅನಾ ಒಪ್ಪಿಕೊಂಡದ್ದನ್ನು ನೋಡಿ ಮಂಗಲಾಳಿಗೆ ಆಶ್ಚರ್ಯವಾಯಿತು. “ಕೆಲಸ ಅಮ್ಮ. ನನ್ನ ಟೀಚರ್ ಕೂಡ ಮದುವೆಯಲ್ಲಿ ಬಾರಿಸ್ತಿದ್ರು. ಜನ ಊಟ ಮಾಡ್ತಾರೆ, ನಾನು ಬಾರಿಸ್ತೆ. ತಪ್ಪಿಲ್ಲ,” ಎಂದಳು. ಮೊದಲ ಏಳೆಂಟು ಮದುವೆಗಳಲ್ಲಿ ನಿಜವಾಗಿಯೇ ಬಾರಿಸಿದಳು. ಕನ್ನಡ, ಹಿಂದಿ ಹಾಡುಗಳನ್ನು ಕೇಳಿ ಕೇಳಿ, ತನ್ನ ಪುಸ್ತಕದಲ್ಲಿ ಸ್ವರ ಬರೆದುಕೊಂಡು, ಒಂದೊಂದನ್ನು ಐವತ್ತು ಸಲ ಅಭ್ಯಾಸ ಮಾಡಿ ಹೋಗುತ್ತಿದ್ದಳು. ಮಿರ್ಜಾನದ ಒಂದು ಮದುವೆಯಲ್ಲಿ ಮುದುಕರೊಬ್ಬರು ಊಟ ಬಿಟ್ಟು ಬಂದು ಎದುರಿಗೆ ನಿಂತು ಕಣ್ಣೊರೆಸಿಕೊಂಡರಂತೆ. ಅದನ್ನು ಹೇಳುವಾಗ ಅನಾಳ ಮುಖ ಮುಂಬೈಯಿಂದ ಬಂದ ಮೇಲೆ ಮೊದಲ ಬಾರಿಗೆ ಅರಳಿತ್ತು.

ದಿನಕರನಿಗೆ ಮಾತ್ರ ಇದು ಸಾಲಲಿಲ್ಲ. ಒಂದು ಪಿಟೀಲಿನ ದನಿ ಐನೂರು ಜನರ ಗದ್ದಲದಲ್ಲಿ ಮುಳುಗುತ್ತದೆ. ಅವನಿಗೆ ಹಿಂದಿನಿಂದ ಢಂ ಢಂ ಎಂಬ ಟ್ರ್ಯಾಕ್ ಬೇಕು. ಅದರಲ್ಲಿ ಪಿಟೀಲು ಮೊದಲೇ ರೆಕಾರ್ಡ್ ಆಗಿರುತ್ತದೆ. ಅನಾ ಗೌನು ಹಾಕಿ ಅದರ ತಾಳಕ್ಕೆ ಕೈಯಾಡಿಸುತ್ತ ತಿರುಗಿದರೆ ಆಯಿತು. ಅನಾ ಕೈಯಾಡಿಸಲಿಲ್ಲ, ಬಾರಿಸಿದಳು. ಕುಮಟಾದ ಕಲ್ಯಾಣ ಮಂಟಪದಲ್ಲಿ ಟ್ರ್ಯಾಕಿನ ಶ್ರುತಿಯೇ ಬೇರೆ, ಅವಳ ಶ್ರುತಿಯೇ ಬೇರೆಯಾಗಿ ಎರಡು ಬೆಕ್ಕು ಜಗಳಾಡಿದ ಹಾಗಾಯಿತು. ಹುಡುಗನ ಕಡೆಯವರು ದಿನಕರನನ್ನು ಬೈದರು.

ಮರುದಿನ ಜಗಲಿಯಲ್ಲಿ ಮಾತಾಯಿತು. ಮಂಗಲಾ ಒಳಗೆ ಅಕ್ಕಿ ಆರಿಸುತ್ತಿದ್ದಳು.

“ಜನ ಕೇಳೂಕೆ ಬರುದಲ್ಲ ಮಾರಾಯ, ನೋಡೂಕೆ ಬರುದು,” ಎಂದ ದಿನಕರ. “ಪಿಟೀಲು ಮೂಕ ಆಗ್ಬೇಕು. ಅವಳಿಗೆ ನೀನೇ ಹೇಳ್ತ್ಯೋ, ಎಂತ ಮಾಡ್ತ್ಯೋ.”

“ಹೇಳಿದ್ರೆ ಕೇಳುವವಳಲ್ಲ ಅವಳು,” ಸಂತೋಷನ ದನಿ. “ನಾ ನೋಡ್ಕಣ್ತೆ ಬಿಡು.”

ತಿಮ್ಮಪ್ಪನ ಮಗಳ ಮದುವೆ ಆದದ್ದು ಅದಾಗಿ ಎರಡು ವಾರಕ್ಕೆ. ತಿಮ್ಮಪ್ಪ ಭಟ್ಕಳದ ಬಂದರಿನಲ್ಲಿ ಎರಡು ಬೋಟಿನ ಮಾಲಕ. ಬರೀ ಒಂದು ಪಾತಿ ದೋಣಿ ಇದ್ದ ಕಾಲದಿಂದ ಮಂಗಲಾಳಿಗೆ ಗೊತ್ತಿದ್ದವನು. ಮಗಳು ದಿವ್ಯಶ್ರೀಯ ಆರತಕ್ಷತೆ ಸಮುದ್ರದ ಬದಿಯ ಒಂದು ರೆಸಾರ್ಟಿನಲ್ಲಿ. “ಮಂಗಲಕ್ಕ, ಮುಂದಿನ ಸಾಲಲ್ಲೇ ಕೂರ್ಬೇಕು,” ಎಂದು ತಾನೇ ಮನೆಗೆ ಬಂದು ಕರೆದುಹೋಗಿದ್ದ.

ಆ ದಿನ ಮಧ್ಯಾಹ್ನ ಅನಾ ಸ್ನಾನಕ್ಕೆ ಹೋಗಿದ್ದಳು. ಸಂತೋಷ ಅಡುಗೆಮನೆಯ ಬಾಗಿಲಿಗೆ ಬಂದು, “ಅಮ್ಮ, ಹೊಸ ಸೋಪುಂಟ? ನೀರು ತಾಗದಿದ್ದು?” ಎಂದು ಕೇಳಿದ.

“ಎಂತಕ್ಕೆ?”

“ಅನಾಳ ಕಮಾನು ಕ್ಲೀನ್ ಮಾಡುದು. ತಂತಿ ಮೇಲೆ ಜಾರದ ಹಾಗೆ ಹಚ್ಚುವ ರಾಳ ಜಾಸ್ತಿ ಹಿಡ್ದಿದೆ.”

ಮಂಗಲಾ ಟ್ರಂಕು ತೆರೆದು, ಸೀರೆಗಳ ನಡುವೆ ಪರಿಮಳಕ್ಕೆಂದು ಇಟ್ಟಿದ್ದ ಗಂಧದ ಸೋಪನ್ನು ತೆಗೆದುಕೊಟ್ಟಳು. ಹಿತ್ತಲಿನಲ್ಲಿ ಮಗ ಕಮಾನಿಗೆ ಕಟ್ಟಿದ ಬಿಳಿ ಕುದುರೆ ಕೂದಲಿನ ಮೇಲೆ ಒಣ ಸೋಪನ್ನು ಆಚೆಯಿಂದೀಚೆಗೆ ಮೆಲ್ಲನೆ ಉಜ್ಜುತ್ತಿದ್ದುದನ್ನು ಕಿಟಕಿಯಿಂದ ನೋಡಿದಳು. ಹೆಂಡತಿಯ ಸಾಮಾನನ್ನು ಎಷ್ಟು ಜತನದಿಂದ ನೋಡಿಕೊಳ್ಳುತ್ತಾನೆ ಎಂದು ಅವಳಿಗೆ ಒಂದು ಕ್ಷಣ ಹೆಮ್ಮೆಯೂ ಆಯಿತು. ಆಮೇಲೆ ಎಷ್ಟೋ ದಿನ ಆ ಹೆಮ್ಮೆ ನೆನಪಾದಾಗಲೆಲ್ಲ ಅವಳಿಗೆ ತನ್ನ ಬಾಯಿಯೇ ಕಹಿಯಾಗುತ್ತಿತ್ತು.

ಸಂಜೆ ರೆಸಾರ್ಟಿನ ಹುಲ್ಲಿನ ಅಂಗಳದಲ್ಲಿ ಡಿಜೆಯ ಅಬ್ಬರ. ಅನಾ ಪರದೆಯ ಹಿಂದೆ ತಂತಿಗಳನ್ನು ಬೆರಳಿಂದ ಮೀಟಿ, ಕಿವಿಯನ್ನು ಪಿಟೀಲಿಗೇ ಒತ್ತಿ ಶ್ರುತಿ ಮಾಡಿಕೊಂಡಳು. ಆ ಗದ್ದಲದಲ್ಲಿ ಕಮಾನು ಎಳೆದು ನೋಡಿದರೂ ಏನೂ ಕೇಳುವಂತಿರಲಿಲ್ಲ. ಕೆಂಪು ಗೌನು ದಿನಕರನೇ ತರಿಸಿದ್ದು, ಬೆನ್ನೆಲ್ಲ ತೆರೆದದ್ದು. ಅದರ ಮೇಲೆ ಅವಳು ತನ್ನ ಕಪ್ಪು ಶಾಲು ಹೊದ್ದಿದ್ದಳು. ವೇದಿಕೆಗೆ ಹತ್ತುವಾಗ ದಿನಕರ ಆ ಶಾಲನ್ನು ಮೆಲ್ಲನೆ ಎಳೆದುಕೊಂಡ. ಅದನ್ನೂ ಮಂಗಲಾ ನೋಡಿದಳು.

ಡಿಜೆ ನಿಂತಿತು. ಅನಾ ಕಮಾನು ಎತ್ತಿ ಎಳೆದಳು. ಸ್ಪೀಕರಿನಿಂದ ಪಿಟೀಲು ಮೊಳಗಿತು, ಜನ ಹೋ ಎಂದರು.

ಮುಂದಿನ ಸಾಲಿನಲ್ಲಿದ್ದ ಮಂಗಲಾಳಿಗೆ ಮೊದಲು ಏನೋ ಸರಿಯಿಲ್ಲ ಎಂದಷ್ಟೇ ಅನಿಸಿತು. ಐದು ವರ್ಷ ಗೋಡೆಯಾಚೆಯಿಂದ ಕೇಳಿದ ಕೈ ಅದು. ಈ ದನಿ ಆ ಕೈಯದ್ದಲ್ಲ. ಇದು ಸಕ್ಕರೆ ಪಾಕದ ಹಾಗೆ ಜಿಗುಟು. ಅನಾಳ ಕಮಾನು ತಂತಿಯ ಮೇಲೆ ಜಾರುತ್ತಿತ್ತು, ಎಣ್ಣೆ ಹಚ್ಚಿದ ಕಲ್ಲಿನ ಮೇಲೆ ಕಾಲು ಜಾರುವ ಹಾಗೆ. ಅವಳು ಒತ್ತಿದಳು, ಇನ್ನೂ ಜಾರಿತು. ಆಗ ಅನಾ ಕಮಾನು ಇಳಿಸಿದಳು. ಪಿಟೀಲಿನ ದನಿ ಮಾತ್ರ ನಿಲ್ಲದೆ ಹರಿಯುತ್ತಿತ್ತು. ಅವಳು ಕೂದಲಿನ ಮೇಲೆ ಬೆರಳಾಡಿಸಿ, ಬೆರಳನ್ನು ಮೂಗಿನ ಹತ್ತಿರ ಒಯ್ದಳು.

ಮಂಗಲಾಳಿಗೆ ಆ ಗಂಧದ ವಾಸನೆ ತಾನು ಕೂತಲ್ಲಿಗೇ ಬಂದ ಹಾಗಾಯಿತು. ಕತ್ತು ತಿರುಗಿಸಿದಳು. ಬಲಗಡೆ ಸೌಂಡಿನ ಮೇಜಿನ ಹಿಂದೆ ಮಗ ನಿಂತಿದ್ದ. ಕೈಯನ್ನು ಗಾಳಿಯಲ್ಲಿ ಆಡಿಸಿ ‘ಮಾಡು, ಮಾಡು’ ಎಂದು ಹೆಂಡತಿಗೆ ಸನ್ನೆ ಮಾಡುತ್ತಿದ್ದ. ನಗುತ್ತಿದ್ದ. ಆ ನಗೆಯಲ್ಲಿ ಕೇಡಿರಲಿಲ್ಲ, ಕೆಲಸ ಸುಸೂತ್ರವಾಗಿ ಆಗುತ್ತಿದೆ ಎಂಬ ಸಮಾಧಾನ ಅಷ್ಟೆ. ಅದನ್ನೇ ಮಂಗಲಾಳಿಗೆ ತಡೆಯಲಾಗಲಿಲ್ಲ. ಕೇಡಿನ ನಗೆಯಾಗಿದ್ದರೆ ಎದ್ದುಹೋಗಿ ಕೆನ್ನೆಗೆ ಎರಡು ಕೊಡುತ್ತಿದ್ದಳು.

ಅನಾ ದಿವ್ಯಶ್ರೀಯತ್ತ ನೋಡಿದಳು. ಮದುಮಗಳು ಕಣ್ಣರಳಿಸಿ ಕೂತಿದ್ದಳು. ಅನಾ ಮತ್ತೆ ಕಮಾನು ಎತ್ತಿದಳು. ಮುಕ್ಕಾಲು ತಾಸು, ಏನೂ ನುಡಿಯದ ಕಮಾನನ್ನು ಏನೂ ನುಡಿಯದ ತಂತಿಗಳ ಮೇಲೆ, ಹೆಣಕ್ಕೆ ಗಾಳಿ ಬೀಸುವವಳ ಹಾಗೆ ಆಡಿಸಿದಳು. ಹಾಡು ಹಾಡಿಗೂ ಜನ ಚಪ್ಪಾಳೆ ತಟ್ಟಿದರು. ಹುಡುಗನ ಕಡೆಯ ಒಬ್ಬ ವೇದಿಕೆ ಹತ್ತಿ ಅವಳ ಸೊಂಟದ ಹತ್ತಿರ ಕೈಯಿಟ್ಟು ಫೋಟೋ ತೆಗೆಸಿಕೊಂಡ. ದಿನಕರ ಮಂಗಲಾಳ ಕುರ್ಚಿಯ ಹಿಂದೆ ಬಗ್ಗಿ, “ನೋಡಿದ್ರಲ್ಲ ಅಮ್ಮ, ನಿಮ್ಮ ಸೊಸೆ ಸೂಪರ್,” ಎಂದ. ಅವನ ಬಾಯಿಂದ ಏಲಕ್ಕಿಯ ವಾಸನೆ ಬಂತು. ಮಂಗಲಾ ಎದ್ದು ತೆಂಗಿನಮರಗಳ ಕಡೆ ಹೋಗಿ, ಒಂದು ಬುಡ ಹಿಡಿದು ನಿಂತು ವಾಂತಿ ಮಾಡಿದಳು. ತಿಮ್ಮಪ್ಪ ಓಡಿಬಂದು ಸೆಕೆಗೆ ಹೀಗಾಯಿತೇನೋ ಎಂದು ಲಿಂಬು ಸೋಡಾ ತರಿಸಿದ. ಬಡಿಸಿದ ಊಟವನ್ನು ಅವಳು ಮುಟ್ಟಲಿಲ್ಲ.



ಮರುದಿನ ಬೆಳಿಗ್ಗೆ ಅನಾ ಅಡುಗೆಮನೆಯ ನೆಲದ ಮೇಲೆ, ಮಂಗಲಾ ಮೀನು ಕೊಯ್ಯುವ ಜಾಗದಲ್ಲೇ ಕೂತಿದ್ದಳು. ಸ್ಪಿರಿಟಿನ ಬಾಟಲಿ, ಹತ್ತಿ, ಕಮಾನು. ಹತ್ತಿಯಿಂದ ಕೂದಲು ಒರೆಸುತ್ತಿದ್ದಳು. ಪ್ರತಿ ಸಲವೂ ಹತ್ತಿಗೆ ಬಿಳಿ ಜಿಡ್ಡು ಹತ್ತುತ್ತಿತ್ತು.

“ಹೋಗ್ತದ?” ಮಂಗಲಾ ಕೇಳಿದಳು.

“ಇಲ್ಲ. ಒಳಗೆ ಹೋಗಿದೆ. ಈ ಕೂದಲು ಸತ್ತಿತು.”

ಸಂತೋಷ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಾಗಿಲಿಗೆ ಬಂದ. “ಹೊಸ ಕೂದ್ಲು ಹಾಕ್ಸುವ. ಎಂತಾ ದೊಡ್ಡ ವಿಷಯ? ಮುಂಬೈಲಿ ಶೂಟಿಂಗಿನಲ್ಲಿ ಎಲ್ಲ ಹೀಗೇ ಮಾಡ್ತ್ರು. ಅಷ್ಟು ಜನರಲ್ಲಿ ಒಬ್ಬರಿಗಾದ್ರೂ ಗೊತ್ತಾತ? ಎಲ್ಲ ಖುಷಿಯಾಗಿ ಹೋದ್ರು.”

“ನಂಗೆ ಗೊತ್ತಾತು,” ಅಂದಳು ಮಂಗಲಾ.

“ನಿಂಗೆ ಪಿಟೀಲಿನ ಬಗ್ಗೆ ಎಂತ ಗೊತ್ತುಂಟು ಅಮ್ಮ?”

“ಪಿಟೀಲು ಬಿಡು. ನನ್ನ ಹತ್ರ ಸುಳ್ಳು ಹೇಳಿ ಸೋಪು ಇಸ್ಕಂಡೆ. ಅವಳು ಮೀಯುವ ಹೊತ್ತು ನೋಡಿ ಕದ್ದು ಹಚ್ಚಿದೆ. ಅಳಿವೆ ಬದಿಯ ಒಬ್ಬ ವ್ಯಾಪಾರಿ ಹಳಸಿದ ಮೀನಿನ ಕಿವಿರಿಗೆ ಕೆಂಪು ಬಣ್ಣ ಹಚ್ಚಿ ಮಾರ್ತಿದ್ದ. ಅವನ ಬುಟ್ಟಿನ ನಾನೇ ಕಾಲಲ್ಲಿ ಒದ್ದು ಹೊಳೆಗೆ ಚೆಲ್ಲಿದ್ದೆ. ಅವನಾದ್ರೂ ಸತ್ತ ಮೀನಿಗೆ ಬಣ್ಣ ಹಚ್ಚಿದ. ನೀನು ಜೀವ ಇದ್ದದ್ದನ್ನ ಕೊಂದು ಬಣ್ಣ ಹಚ್ಚಿದೆ.”

“ಕೆಲಸ ಬೇಕಿತ್ತಲ್ಲ ಅವಳಿಗೆ,” ಎಂದ ಸಂತೋಷ. ದನಿ ತಗ್ಗಿತ್ತು.

ಅನಾ ತಲೆಯೆತ್ತಿದಳು. ಅವಳು ಅಳುತ್ತಿರಲಿಲ್ಲ. “ಸಂತೋಷ್, ಆರ್ಕೆಸ್ಟ್ರಾದಲ್ಲಿ ನಾನು ಹಿಂದೆ. ಹದಿನಾಲ್ಕು ಜನ ಒಟ್ಟಿಗೆ ಒಂದೇ ಬಾರಿಸುದು. ನಾನು ಸುಮ್ಮನೆ ಕೈ ಆಡಿಸಿದ್ರೆ ಯಾರಿಗೂ ಗೊತ್ತಾಗುದಿಲ್ಲ. ಕಷ್ಟದ ಜಾಗ ಬಂದ್ರೆ ಕೆಲವರು ಹಾಗೆ ಮಾಡ್ತಾರೆ. ನನ್ನ ದೇಶ, ಮುಂಬೈ, ಇಲ್ಲಿ ಎಲ್ಲ ಸೇರಿ ಹತ್ತೊಂಬತ್ತು ವರ್ಷ ನಾನು ಮಾಡ್ಲಿಲ್ಲ. ಜ್ವರ ಇದ್ದಾಗ ಮಾಡ್ಲಿಲ್ಲ. ಅಪ್ಪ ಸತ್ತ ದಿನ ಮಾಡ್ಲಿಲ್ಲ. ನೀನು ನಿನ್ನೆ ಮಾಡಿಸಿದಿ.”

ಅಷ್ಟು ಹೇಳಿ, ಮಂಗಲಾಳ ಮೀನಿನ ಕತ್ತಿ ತೆಗೆದುಕೊಂಡು ಕಮಾನಿನ ಕೂದಲನ್ನು ಎರಡೂ ತುದಿಯಲ್ಲಿ ಕೊಯ್ದಳು. ಬಿಳಿ ಕೂದಲಿನ ಕಟ್ಟು ನೆಲಕ್ಕೆ ಬಿತ್ತು. ಉಳಿದದ್ದು ಬರಿಯ ಕೋಲು. ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. ಕೂದಲನ್ನು ಮಂಗಲಾ ಬಾಚಿ ಹಿತ್ತಲಿಗೆ ಒಯ್ದು, ಮೀನಿನ ಕರುಳು ಹುಗಿಯುವ ಗುಂಡಿಗೆ ಹಾಕಿದಳು. ಗಂಧದ ವಾಸನೆ ಕೈಗೆ ಹತ್ತಿತ್ತು. ಮೀನಿನ ವಾಸನೆಯನ್ನು ಜೀವಮಾನದಲ್ಲಿ ಉಜ್ಜಿ ತೊಳೆಯದವಳು ಇದನ್ನು ಬೂದಿ ಹಾಕಿ ಮೂರು ಸಲ ತೊಳೆದಳು.

ಆ ವಾರವೇ ಅನಾ ಮುಂಬೈಗೆ ಹೊರಟಳು. ಕಮಾನಿಗೆ ಕೂದಲು ಹಾಕುವವರು ಅಲ್ಲಲ್ಲದೆ ಇಲ್ಲಿ ಯಾರಿದ್ದಾರೆ? ಸ್ಟೇಷನ್ನಿಗೆ ಬಿಡಲು ಸಂತೋಷ ವ್ಯಾನು ತೆಗೆದ. ಅವಳು ಬೇಡವೆಂದು ಅತ್ತೆಯ ಜೊತೆ ರಿಕ್ಷಾ ಹತ್ತಿದಳು. ಪ್ಲಾಟ್‌ಫಾರ್ಮಿನಲ್ಲಿ ಮಂಗಲಾ, “ಸೋಪು ಕೊಟ್ಟದ್ದು ನಾನು, ಅನಾ,” ಎಂದಳು. ಹೇಳದೆ ಇದ್ದರೆ ಅದು ಗಂಟಲಲ್ಲಿ ಮುಳ್ಳಾಗಿ ಉಳಿಯುತ್ತಿತ್ತು.

“ಗೊತ್ತು ಅಮ್ಮ. ನಿಮ್ಮ ಸೀರೆ ವಾಸನೆ ಅದು.” ಅನಾ ಅವಳ ಕೈ ಹಿಡಿದುಕೊಂಡಳು. ಗಾಡಿ ಬರುವವರೆಗೂ ಬಿಡಲಿಲ್ಲ.

ಅನಾ ಹಳೆಯ ಸಹೋದ್ಯೋಗಿ ಮಾಲಿನಿಯ ಮನೆಯಲ್ಲಿ ಉಳಿದಳು. ಚಳಿಗಾಲದ ಕಾರ್ಯಕ್ರಮಗಳಿಗೆ ಒಬ್ಬಳು ವಾದಕಿ ಹೆರಿಗೆ ರಜೆಯಲ್ಲಿದ್ದಳು. ಅನಾ ಬಾರಿಸುವವರ ಮುಖ ಕಾಣದಂತೆ ಕಟ್ಟಿದ ಪರದೆಯ ಹಿಂದೆ ಕೂತು, ಹೊಸಬರ ಜೊತೆ ಹೊಸಬಳಂತೆ ಪರೀಕ್ಷೆ ಕೊಟ್ಟು ಆ ಜಾಗ ಪಡೆದಳು. ಈ ಸಲ ಕೊನೆಯ ಕುರ್ಚಿ. ಫೋನು ಮಾಡಿದಾಗ ಅವಳು ಅದನ್ನು ಹೇಳಿದ ರೀತಿ ಕೇಳಿದರೆ ಯಾರಾದರೂ ದೊಡ್ಡ ಪದವಿ ಬಂತೆಂದುಕೊಳ್ಳಬೇಕು.

ಇತ್ತ ದಿನಕರ ಹದಿನೈದು ದಿನದಲ್ಲಿ ಇನ್ನೊಬ್ಬಳನ್ನು ಹಿಡಿದು ತಂದ. ಗೋಕರ್ಣದ ಕಡೆ ರಜೆಗೆಂದು ಬಂದು ಉಳಿದುಕೊಂಡಿದ್ದ ಯಾವುದೋ ದೇಶದ ಹುಡುಗಿ. ಪಿಟೀಲು ಯಾವ ಕಡೆಯ ಭುಜದ ಮೇಲೆ ಇಡಬೇಕೆಂದೂ ಗೊತ್ತಿರದವಳು. ಸೋಪಿನ ಗೊಡವೆಯೇ ಬೇಡ ಎಂದು ಅವಳ ಪಿಟೀಲಿನ ತಂತಿಗಳನ್ನೇ ಸಡಿಲ ಬಿಟ್ಟಿದ್ದಾರೆ ಎಂದು ನಾಗಮ್ಮ ಸುದ್ದಿ ತಂದಳು. ಸಂತೋಷ ಅದಕ್ಕೂ ಸೌಂಡಿಗೆ ಹೋದ. ಆ ದುಡ್ಡಲ್ಲಿ ಅವನು ತಂದ ಸಾಮಾನಿನಲ್ಲಿ ಮಂಗಲಾ ಅಡುಗೆ ಮಾಡಿ ಅವನಿಗೆ ಬಡಿಸಿದಳು. ತನಗೆ ಬೇರೆಯೇ ಒಂದು ಸಣ್ಣ ಪಾತ್ರೆಯಲ್ಲಿ, ತಾನು ಒಣಮೀನು ಮಾರಿ ತಂದ ಅಕ್ಕಿಯ ಗಂಜಿ ಇಟ್ಟುಕೊಂಡಳು. ಅವನು ಮೊದಲು ನಕ್ಕ, ಆಮೇಲೆ ರೇಗಿದ, ಆಮೇಲೆ ನೋಡದ ಹಾಗೆ ಉಣ್ಣತೊಡಗಿದ.

ಡಿಸೆಂಬರಿನಲ್ಲಿ ಅವನೇ ಮುಂಬೈಗೆ ಹೋದ. ಅಮ್ಮನಿಗೆ ಹೇಳದೆ ಹೋಗಿ, ಎರಡು ದಿನ ಬಿಟ್ಟು ಬಂದ. ಚಹಾದ ಲೋಟ ಹಿಡಿದು ಜಗಲಿಯಲ್ಲಿ ಕೂತ.

“ಟಿಕೆಟ್ ತಗಂಡು ಒಳಗೆ ಕೂತೆ,” ಎಂದ. “ಮುಗಿದ ಮೇಲೆ ಭೆಟ್ಟಿಯಾದೆ. ಚಹಾ ಕುಡ್ಸಿದ್ಲು. ಇನ್ನೂ ಎರಡು ತಿಂಗಳು ಅಲ್ಲೇ ಇರ್ತಾಳಂತೆ. ಆಮೇಲೆ ಎಂತ ಅಂತ ಹೇಳ್ಲಿಲ್ಲ.”

“ಹೇಗೆ ಬಾರ್ಸಿದ್ಲು?”

ಸಂತೋಷ ಲೋಟದೊಳಗೆ ನೋಡಿದ. “ಅಷ್ಟು ಜನ ಒಟ್ಟಿಗೆ ಬಾರ್ಸುದು ಅಮ್ಮ. ಅದರಲ್ಲಿ ಅವಳದ್ದು ಯಾವುದು ಅಂತ ಯಾರಿಗೆ ಗೊತ್ತಾಗ್ತದೆ? ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಅದಕ್ಕೆ ಹೋಗಿ ಇಷ್ಟೆಲ್ಲ ಮಾಡ್ಕಂಡ್ಲು.”

ಮಂಗಲಾ ಮಗನ ಮುಖವನ್ನು ನೋಡಿದಳು. ಗಂಡನದೇ ಮೂಗು, ಗಂಡನದೇ ಹುಬ್ಬು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಸಿಟ್ಟು ಇಳಿಯುತ್ತದೆ. ಬಂದದ್ದು ಅದೇ ಹೇಸಿಗೆ. ಅವಳು ಅವನ ಕೈಯಿಂದ ಖಾಲಿ ಲೋಟ ತೆಗೆದುಕೊಂಡು, ತೊಳೆದು ಕವುಚಿಟ್ಟು, ಬುಟ್ಟಿ ಎತ್ತಿಕೊಂಡು ಹಳದೀಪುರದ ಬಸ್ಸಿಗೆ ಹೊರಟಳು.